ಎದುರು ಕಿಟಕಿಗೂ ಕೇಳಲಿ ಅಂತ

ಆ ಬೀದಿಯಲ್ಲಿ ಗಡಿಯಾರಗಳೇ ಇರಲಿಲ್ಲ ಅಂತಲ್ಲ. ಇದ್ದವು, ಆದರೆ ಯಾರೂ ಅವುಗಳ ಮಾತು ಕೇಳುತ್ತಿರಲಿಲ್ಲ. ಕತ್ತರಿಯಣ್ಣನ ಕ್ಷೌರದಂಗಡಿಯಲ್ಲಿ ಟೇಪ್ ರೆಕಾರ್ಡರ್ ಹಾಡುತ್ತಿತ್ತು, ಬೀದಿ ಅದರ ಪ್ರಕಾರ ನಡೆಯುತ್ತಿತ್ತು. ಶೇವಿಂಗ್ ಅಂದರೆ ಒಂದು ಹಾಡು, ಕಟಿಂಗ್ ಅಂದರೆ ಎರಡು. ತಲೆಯ ಮೇಲೆ ಪೊದೆ ಬೆಳೆಸಿಕೊಂಡು ಬಂದವರಿಗೆ ಎರಡೂವರೆ. ಮೂಲೆಯಲ್ಲಿ ನಿಲ್ಲುವ ಬಸ್ಸಿನ ಡ್ರೈವರ್ ನಾಲ್ಕನೇ ಹಾಡು ಮುಗಿದ ಮೇಲೆಯೇ ಗಾಡಿ ಸ್ಟಾರ್ಟ್ ಮಾಡುತ್ತಿದ್ದ. ಒಂದು ಸಲ ಟೇಪ್ ರೆಕಾರ್ಡರಿನ ಬೆಲ್ಟು ಕಿತ್ತುಹೋಗಿ ಮೂರು ದಿನ ಹಾಡು ನಿಂತಾಗ ಬಸ್ಸು ನಿಂತಲ್ಲೇ ನಿಂತಿತ್ತಂತೆ. ಶಾಲೆ ಬಿಟ್ಟಿದ್ದು ಕತ್ತಲಾದ ಮೇಲಂತೆ. ಬೀದಿಯ ಕೊನೆಯ ಮನೆಯ ಅಜ್ಜಿ ಮೂರು ದಿನ ಮಾತ್ರೆ ನುಂಗುವುದನ್ನು ಮರೆತು ಪೂರ್ತಿ ಗುಣವಾಗಿಬಿಟ್ಟಳಂತೆ. ನಂಬದವರು ಅಜ್ಜಿಯನ್ನೇ ಕೇಳಬಹುದು, ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ.

ಇದ್ದದ್ದು ಒಂದೇ ಕ್ಯಾಸೆಟ್ಟು. ಅದರ ಮೇಲಿನ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ‘ಬೆಳ್ಳಿಕಂಠ’ ಅಂತಲೂ, ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಮತ್ತು ತಂಡ’ ಅಂತಲೂ ಇತ್ತು. ಬೆಳ್ಳಿಕಂಠ ಅಂದರೆ ಆ ಸೀಮೆಗೆಲ್ಲ ಗೊತ್ತಿದ್ದ, ದೊಡ್ಡ ದೊಡ್ಡ ಪ್ರಶಸ್ತಿ ಪಡೆದ ಹಾಡುಗಾರ. ಅವನ ದನಿ ಹೇಗಿತ್ತೆಂದರೆ, ಶೇವಿಂಗ್ ಸೋಪಿನ ನೊರೆ ಕೂಡ ಅವನ ಹಾಡು ಮುಗಿಯುವವರೆಗೆ ಒಣಗದೆ ಕೇಳುತ್ತಾ ಕೂತಿರುತ್ತಿತ್ತು. ಕತ್ತರಿಯಣ್ಣನಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಯಾವ ಸಾಲಿಗೆ ಕೈ ಎಲ್ಲಿರಬೇಕು ಅನ್ನುವುದು ಬಾಯಿಪಾಠ. ಮೊದಲನೇ ಹಾಡಿಗೆ ಕುತ್ತಿಗೆಯ ಹಿಂದೆ ಮೆಷಿನ್ನು, ಎರಡನೇ ಹಾಡಿಗೆ ಕಿವಿಯ ಮೇಲೆ ಕತ್ತರಿ.

ಆ ಎರಡನೇ ಹಾಡೇ ದೋಣಿ ಹಾಡು. ಅದರಲ್ಲಿ ಬೆಳ್ಳಿಕಂಠ ಹೊಳೆಯ ಈಚೆ ನಿಂತವನ ಹಾಗೆ ದನಿ ಎಳೆದು ಕೇಳುತ್ತಾನೆ, “ಯಾರಿದ್ದೀರಿ ಆಚೆ ದಡದಲ್ಲಿ?” ತಂಡದ ಹುಡುಗಿಯರು ಒಟ್ಟಿಗೆ ಹೇಳುತ್ತಾರೆ, “ಇದ್ದೀವಿ, ಇದ್ದೀವಿ.” ಹೀಗೆ ಮೂರು ಸಲ. ಮೂರನೇ ಸಲ ಎಲ್ಲ ಹುಡುಗಿಯರ ದನಿ ಇಳಿದ ಮೇಲೆ ಒಂದೇ ಒಂದು ದನಿ ಮೇಲಕ್ಕೆ ಹೋಗಿ, ದೀಪದ ಬತ್ತಿ ಏರಿಸಿದ ಹಾಗೆ, “ಇದ್ದೀನಿ” ಅನ್ನುತ್ತದೆ. ಅಷ್ಟರಲ್ಲಿ ಕಟಿಂಗ್ ಮುಗಿದಿರುತ್ತಿತ್ತು. ಆ “ಇದ್ದೀನಿ”ಗೆ ಕತ್ತರಿಯಣ್ಣ ಗಿರಾಕಿಯ ಕುತ್ತಿಗೆಯಿಂದ ಬಿಳಿ ಬಟ್ಟೆಯನ್ನು ಕೊಡವಿ ತೆಗೆಯುತ್ತಿದ್ದ.

ಅಂಗಡಿಯ ಹಿಂದಿನ ಪರದೆಯ ಆಚೆ ಅವನ ಹೆಂಡತಿ ಕೂತು ಹರಿದ ಬಟ್ಟೆಗೆ ತೇಪೆ ಹಾಕುತ್ತಾ ಆ ಹುಡುಗಿಯರ ಜೊತೆ ಗುನುಗುತ್ತಿದ್ದಳು. ಬೆಳ್ಳಿಕಂಠನ ಸಾಲನ್ನು ಅವಳು ಯಾವತ್ತೂ ಗುನುಗಿದ್ದಿಲ್ಲ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಪರದೆ ಇನ್ನೂ ಹಾಗೇ ಇತ್ತು. ಆ “ಇದ್ದೀನಿ” ಬಂದಾಗ ದಿನಕ್ಕೆ ಹತ್ತು ಸಲ ಕತ್ತರಿಯಣ್ಣನ ಕಣ್ಣು ಪರದೆಯ ಕಡೆಗೆ ಹೋಗಿ ಬರುತ್ತಿತ್ತು.

ಇನ್ನು ಬೀದಿಯ ಆಚೆ ಬದಿಗೆ, ನೇರ ಎದುರಿಗೆ, ಇಸ್ತ್ರಿಯಕ್ಕನ ಅಂಗಡಿ. ಇಪ್ಪತ್ತೆರಡು ವರ್ಷದ ಹಿಂದೆ ಲಾರಿ ಓಡಿಸುವ ಗಂಡನ ಜೊತೆ ಬಂದು ಇಸ್ತ್ರಿ ಮೇಜು ಹಾಕಿದವಳು. ಗಂಡ ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಮೇಲೆ. ಬಂದ ವಾರದಲ್ಲೇ ಅವಳು ಕತ್ತರಿಯಣ್ಣನನ್ನು ಅಣ್ಣ ಅಂದಳು, ಅವನು ತಂಗಿ ಅಂದ, ಅವನ ಹೆಂಡತಿ “ನನಗೆ ಬೀದಿ ದಾಟಿ ಬಂದ ನಾದಿನಿ ಸಿಕ್ಕಿದ್ಳು” ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಕ್ಷೌರದಂಗಡಿಯ ಬಿಳಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವುದು ಅವಳ ಕೆಲಸ. ಅಣ್ಣನ ಮೇಲೆ ಸಿಟ್ಟು ಬಂದ ವಾರ ಬಟ್ಟೆಗೆ ಸಿಕ್ಕಾಪಟ್ಟೆ ಗಂಜಿ ಹಾಕಿ ಕಳಿಸುತ್ತಿದ್ದಳು. ಒಂದು ಸಲ ಎಷ್ಟು ಗಂಜಿ ಹಾಕಿದ್ದಳೆಂದರೆ ಬಟ್ಟೆ ತಾನೇ ನೆಟ್ಟಗೆ ನಿಂತುಕೊಂಡಿತು, ಗಿರಾಕಿ ಅದರೊಳಗೆ ಡೇರೆಯಲ್ಲಿ ಕೂತ ಹಾಗೆ ಕೂತಿದ್ದ. ಕತ್ತರಿಯಣ್ಣ ತಕ್ಷಣ ಹೋಗಿ, ಏನು ತಪ್ಪು ಅಂತ ಗೊತ್ತಿಲ್ಲದಿದ್ದರೂ, ತಪ್ಪಾಯ್ತು ಅಂತ ಹೇಳಿ ಬಂದಿದ್ದ.

ಅವಳು ಮದುವೆಗೆ ಮುಂಚೆ ಬೆಳ್ಳಿಕಂಠನ ತಂಡದಲ್ಲಿ ಹಾಡುತ್ತಿದ್ದಳು ಅನ್ನುವುದು ಅವಳ ಗಂಡ ಬಂದ ಹೊಸತರಲ್ಲೇ ಒಂದು ದಿನ ಶೇವಿಂಗ್‌ಗೆ ಕೂತಾಗ ಬಾಯಿಬಿಟ್ಟ ಗುಟ್ಟು. ಕತ್ತರಿಯಣ್ಣನಿಗೆ ಹಿಗ್ಗೋ ಹಿಗ್ಗು. ತನ್ನ ತಂಗಿ ಆ ಮಹಾನುಭಾವನ ಪಕ್ಕ ನಿಂತು ಹಾಡಿದವಳು ಅಂತ. ಅವತ್ತಿನಿಂದ ಅವನೊಂದು ನೇಮ ಹಿಡಿದ. ದೋಣಿ ಹಾಡು ಶುರುವಾದ ತಕ್ಷಣ ಕತ್ತರಿ ಕೆಳಗಿಟ್ಟು, ಟೇಪಿನ ಗುಂಡಿಯನ್ನು ಪೂರ್ತಿ ತಿರುಗಿಸಿ ದನಿ ಜೋರು ಮಾಡುವುದು. ಎದುರು ಕಿಟಕಿಗೂ ಕೇಳಲಿ ಅಂತ. ಪಾಪ, ಕೆಂಡದ ಪೆಟ್ಟಿಗೆ ಹಿಡಿದು ನಿಂತವಳಿಗೆ ಹಳೇ ದಿನದ ನೆನಪಾಗಲಿ ಅಂತ.

ದನಿ ಜೋರಾದ ತಕ್ಷಣ ಎದುರಿನ ಕಿಟಕಿ ಟಪ್ಪನೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೂ ಅವನು ಕಾರಣ ಹುಡುಕಿಕೊಂಡಿದ್ದ. ಗಾಳಿ ಬೀಸಿದರೆ ಇಸ್ತ್ರಿ ಪೆಟ್ಟಿಗೆಯ ಬೂದಿ ಹಾರಿ ಬಟ್ಟೆಯ ಮೇಲೆ ಬೀಳುತ್ತದಲ್ಲ, ಅದಕ್ಕೇ ಇರಬೇಕು. ಕಿಟಕಿ ಮುಚ್ಚಿತಲ್ಲ, ಇನ್ನು ಅವಳಿಗೆ ಸರಿಯಾಗಿ ಕೇಳುವುದಿಲ್ಲವಲ್ಲ ಅಂತ, ಟೇಪ್ ರೆಕಾರ್ಡರನ್ನೇ ಎತ್ತಿ ಹೊಸ್ತಿಲ ಮೇಲೆ ಇಡುತ್ತಿದ್ದ.

ಹೆಂಡತಿ ಬದುಕಿದ್ದಾಗ ಪರದೆಯ ಹಿಂದಿನಿಂದ ಕೂಗುತ್ತಿದ್ದಳು, “ರೀ, ದನಿ ತಗ್ಗಿಸ್ರೀ, ತಲೆ ಸಿಡೀತಿದೆ.” ಅವನು ತಗ್ಗಿಸುತ್ತಿದ್ದ. ಅವಳು ಹೋದ ಮೇಲೆ ತಗ್ಗಿಸು ಅನ್ನುವವರು ಯಾರೂ ಇರಲಿಲ್ಲ.

ಆ ದಿನ ಕುರ್ಚಿಯಲ್ಲಿ ಕೂತಿದ್ದವರು ರಿಟೈರ್ ಆದ ಮೇಷ್ಟ್ರು. ಅವರದು ಒಂದು ಪದ್ಧತಿ. ಕತ್ತಿ ಕೆನ್ನೆಗೆ ಬಂದಾಗ ಬಾಯಿ ಮುಚ್ಚುವುದು, ಕತ್ತಿ ಕೆನ್ನೆ ಬಿಟ್ಟಾಗ ಪೇಪರು ಓದುವುದು, ಅದೂ ತರಗತಿಯಲ್ಲಿ ಓದಿದ ಹಾಗೆ. ಬೆಂಚಿನ ಮೇಲೆ ಬೋರ್ಡು ಬರೆಯುವ ಪೇಂಟರ್ ತನ್ನ ಸರದಿ ಕಾಯುತ್ತಾ ಕೂತಿದ್ದ. ಬೆಳಗಿನ ಹೊತ್ತು, ಮೊದಲನೇ ಹಾಡು ಮುಗಿಯುತ್ತಾ ಬಂದಿತ್ತು. ಒಂದು ಹಾಡಿಗೆ ಮುಗಿಯಬೇಕಾದ ಶೇವಿಂಗ್ ಅವತ್ತು ಓದಿನ ಉತ್ಸಾಹದಲ್ಲಿ ಹಿಂದೆ ಬಿದ್ದಿತ್ತು.

“ಖ್ಯಾತ ಗಾಯಕ ಬೆಳ್ಳಿಕಂಠ ಅವರ ಮೇಲೆ ದೂರು,” ಅಂತ ಮೇಷ್ಟ್ರು ಓದಿದರು. ಕತ್ತಿ ಬಂತು, ಬಾಯಿ ಮುಚ್ಚಿದರು. ಕತ್ತಿ ಹೋಯಿತು. “ತಂಡದಲ್ಲಿ ಹಾಡುತ್ತಿದ್ದ ನಾಲ್ವರು ಮಹಿಳೆಯರು...” ಕತ್ತಿ ಬಂತು, ಹೋಯಿತು. “ತಾಲೀಮಿನ ಕೋಣೆಗೆ ಒಬ್ಬೊಬ್ಬರನ್ನೇ ಕರೆಸಿ, ಒಳಗಿನಿಂದ ಚಿಲಕ ಹಾಕಿ...” ಮೇಷ್ಟ್ರು ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡರು. ಮಕ್ಕಳ ಮುಂದೆ ಓದಬಾರದ್ದನ್ನು ಅವರು ಹಾಗೆ ಓದುತ್ತಿದ್ದರು. ಆಮೇಲೆ ಮೆಲ್ಲಗೆ, “ಎಲ್ಲ ಸುಳ್ಳು ಅಂತ ಅವರು ಹೇಳಿದಾರಂತೆ,” ಅಂದರು.

“ಯಾರೋ ದುಡ್ಡು ಕೀಳೋಕೆ ಮಾಡಿರ್ತಾರೆ ಬಿಡಿ,” ಅಂದ ಕತ್ತರಿಯಣ್ಣ. ಅಷ್ಟರಲ್ಲಿ ದೋಣಿ ಹಾಡು ಶುರುವಾಯಿತು. ಅವನು ಅಭ್ಯಾಸದ ಪ್ರಕಾರ ಕತ್ತಿ ಕೆಳಗಿಟ್ಟು ಗುಂಡಿಯನ್ನು ಪೂರ್ತಿ ತಿರುಗಿಸಿದ. ವಾಪಸ್ ಬಂದವನು ಮೇಷ್ಟ್ರ ಹೆಗಲ ಮೇಲಿಂದ ಪೇಪರನ್ನು ಇಣುಕಿದ. ನಾಲ್ಕು ಹೆಂಗಸರ ಫೋಟೋ. ಎರಡನೆಯವಳು ಕೈ ಕಟ್ಟಿ ನಿಂತಿದ್ದಳು. ಬಲ ಮಣಿಕಟ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದ್ದೇ ಒಂದು ಸುಟ್ಟ ಗುರುತು. ಆ ಗುರುತಿಗೆ ಹಚ್ಚಲು ಮುಲಾಮು ಕೊಟ್ಟವನು ಅವನೇ.

“ಯಾರಿದ್ದೀರಿ ಆಚೆ ದಡದಲ್ಲಿ,” ಅಂತ ಟೇಪು ಬೀದಿಗೆಲ್ಲ ಕೇಳುವ ಹಾಗೆ ಕೇಳಿತು.

ಎದುರಿನ ಕಿಟಕಿ ಟಪ್ಪನೆ ಮುಚ್ಚಿಕೊಂಡಿತು.

ಕತ್ತರಿಯಣ್ಣ ಆ ಕಿಟಕಿಯನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅದು ಎಷ್ಟು ಸಲ ಮುಚ್ಚಿರಬಹುದು ಅಂತ ಲೆಕ್ಕ ಹಾಕಲು ಹೋದ. ಅವನಿಗೆ ಬರುತ್ತಿದ್ದ ಅಂಕಿಗಳು ಅಷ್ಟು ದೂರ ಹೋಗಲಿಲ್ಲ. ಹೋಗಿ ಟೇಪು ನಿಲ್ಲಿಸಿದ. ಬೀದಿಯಲ್ಲಿ ಒಮ್ಮೆಲೇ ನಿಶ್ಶಬ್ದ. ಮೂಲೆಯಲ್ಲಿ ಬಸ್ ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ.

“ಏನಾಯ್ತಯ್ಯಾ?” ಅಂದರು ಮೇಷ್ಟ್ರು.

“ಇವತ್ತಿಗೆ ಇಷ್ಟೇ ಮೇಷ್ಟ್ರೇ. ಕೈ ಬರ್ತಿಲ್ಲ.”

ಮೇಷ್ಟ್ರು ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆ, ಹಾಗೇ ಮನೆಗೆ ಹೋದರು. ಅವರ ಹೆಂಡತಿ ಒಂದು ಕಡೆಯಿಂದ ನೋಡಿ ಗಂಡ ಅಂದುಕೊಂಡಳು, ಇನ್ನೊಂದು ಕಡೆಯಿಂದ ನೋಡಿ ಯಾರು ಬೇಕಾಗಿತ್ತು ಅಂತ ಕೇಳಿದಳು ಅಂತ ಬೀದಿಯಲ್ಲಿ ಹೇಳುತ್ತಾರೆ.

ಅಲ್ಲಿಂದ ಶುರುವಾಯಿತು ಕತ್ತರಿಯಣ್ಣನ ಫಜೀತಿ. ಹಾಡಿಲ್ಲದೆ ಕೈ ಓಡುವುದಿಲ್ಲ. ರೇಡಿಯೋ ಹಾಕಿಕೊಂಡು ನೋಡಿದ. ಅದರಲ್ಲಿ ತರಕಾರಿ ಧಾರಣೆ ಹೇಳುತ್ತಿದ್ದರು. ಏರಿದ ಹಾಗೆ, ಇಳಿದ ಹಾಗೆ ಕತ್ತರಿಯೂ ಏರಿಳಿದು ಗಿರಾಕಿಯ ತಲೆ ಮೆಟ್ಟಿಲು ಮೆಟ್ಟಿಲಾಯಿತು. ಪೇಂಟರ್ ಅಯ್ಯೋ ಪಾಪ ಅಂತ ಒಂದು ಬ್ಯಾಂಡ್ ಸೆಟ್ಟಿನ ಕ್ಯಾಸೆಟ್ಟು ತಂದುಕೊಟ್ಟ. ಅದರ ಹೊಡೆತಕ್ಕೆ ಕತ್ತರಿ ಎಷ್ಟು ಜೋರಾಗಿ ಓಡಿತೆಂದರೆ ಅರ್ಧ ಹಾಡಿಗೆ ಗಿರಾಕಿ ಬೋಳಾಗಿ, ಮುಂದಿನ ಕಟಿಂಗಿಗೆ ಬಂದಿದ್ದವನ ಕ್ರಾಪಿಗೂ ಸ್ವಲ್ಪ ತಗುಲಿತು.

ಗಿರಾಕಿಗಳು ಕೂದಲಿಗಿಂತ ಮಾತಿಗೇ ಜಾಸ್ತಿ ಬರತೊಡಗಿದರು.

“ಹಾಡು ಏನು ಮಾಡಿತು ಪಾಪ,” ಅಂದ ಬಸ್ ಡ್ರೈವರ್. “ತಪ್ಪು ಮಾಡಿದ್ರೆ ಅವನು ಮಾಡಿರ್ತಾನೆ. ಹಾಡು ಹಾಕಪ್ಪ, ನಂಗೆ ಗಾಡಿ ತೆಗಿಯೋಕೆ ಟೈಮೇ ತಿಳೀತಿಲ್ಲ.”

“ಇನ್ನೂ ಬರೀ ಆರೋಪ ಕಣಯ್ಯಾ,” ಅಂದರು ಮೇಷ್ಟ್ರು. ಉಳಿದರ್ಧ ಗಡ್ಡ ಅವರಿಗೆ ಆಗಲೇ ಬೆರಳುದ್ದ ಬಂದಿತ್ತು. ಬೇರೆ ಅಂಗಡಿಗೆ ಹೋಗುವುದು ಅವರ ಮರ್ಯಾದೆಗೆ ಒಪ್ಪಿರಲಿಲ್ಲ. “ಕೋರ್ಟು ಹೇಳ್ಬೇಕು.”

“ಕೋರ್ಟು ಅದರ ಪಾಡಿಗೆ ನಿಧಾನವಾಗಿ ಹೇಳ್ಲಿ ಮೇಷ್ಟ್ರೇ,” ಅಂದ ಕತ್ತರಿಯಣ್ಣ. “ನಂಗೆ ಕಿಟಕಿ ಹೇಳಿಬಿಟ್ಟಿದೆ.”

ಬೆಂಚಿನ ಮೇಲಿನಿಂದ ಪೇಂಟರ್ ಅಂದ, “ನಮ್ಮಪ್ಪನೂ ಬೋರ್ಡು ಬರೀತಿದ್ದ. ಕುಡಿದು ಬಂದು ನಮ್ಮಮ್ಮನ್ನ ಹೊಡೀತಿದ್ದ. ಔಷಧಿ ಅಂಗಡಿ ಮೇಲೆ ಅವನು ಬರೆದ ಬೋರ್ಡು ಇನ್ನೂ ಇದೆ. ಅಂಥಾ ಅಕ್ಷರ ನನ್ನ ಕೈಯಲ್ಲಿ ಈ ಜನ್ಮದಲ್ಲಿ ಆಗಲ್ಲ. ಆ ಕಡೆ ಹೋದಾಗೆಲ್ಲ ನಿಂತು ನೋಡ್ತೀನಿ. ನೋಡಿ ಮುಗಿದ ಮೇಲೆ ಅವನನ್ನ ಬೈಕೊಂಡು ಬರ್ತೀನಿ.”

“ಯಾವುದು ನಿಜ ನಿನಗೆ, ನೋಡೋದಾ, ಬೈಯೋದಾ?” ಅಂತ ಕೇಳಿದ ಕತ್ತರಿಯಣ್ಣ.

“ಎರಡೂನು. ಅಮ್ಮ ಇರೋವರೆಗೂ ಆ ಬೀದಿಗೆ ಅವಳನ್ನ ಕರ್ಕೊಂಡು ಹೋಗ್ಲಿಲ್ಲ, ಅಷ್ಟೇ.”

ಕತ್ತರಿಯಣ್ಣನ ಎದೆಗೆ ಆ ಮಾತು ನಾಟಿತು. ತಾನು ಅದೇ ಬೀದಿಯನ್ನೇ ಎತ್ತಿ ತಂಗಿಯ ಕಿಟಕಿಯ ಮುಂದೆ ಇಟ್ಟಿದ್ದೆನಲ್ಲ.

ಇಸ್ತ್ರಿಯಕ್ಕ ಈಚೆಗೆ ಬರುತ್ತಲೇ ಇರಲಿಲ್ಲ. ಮೊದಲಾದರೆ ಬೆಳಿಗ್ಗೆ ಬಟ್ಟೆ ಕೊಡಲು ಬಂದವಳು ಟೀ ಕುಡಿದು, ಬೀದಿಯ ವರದಿ ಒಪ್ಪಿಸಿ ಹೋಗುತ್ತಿದ್ದಳು. ಈಗ ಅಂಗಡಿ ತೆಗೆಯುವ ಮುಂಚೆಯೇ ಬಾಗಿಲ ಕೊಕ್ಕೆಗೆ ಬಟ್ಟೆಯ ಚೀಲ ನೇತಾಡುತ್ತಿರುತ್ತಿತ್ತು. ಅವನು ದಿನಾ ಬಟ್ಟೆ ಬಿಚ್ಚಿ ಹಿಂಡಿ ನೋಡುತ್ತಿದ್ದ. ಗಂಜಿಯ ಸುಳಿವೇ ಇಲ್ಲ, ಹೂವಿನಂತೆ ಮೆತ್ತಗಿತ್ತು. ಗಂಜಿ ಹಾಕಿದ್ದರೆ ಓಡಿಹೋಗಿ ತಪ್ಪಾಯ್ತು ಅನ್ನಬಹುದಿತ್ತು. ಮೆತ್ತಗಿನ ಬಟ್ಟೆಗೆ ಏನಂತ ಹೇಳುವುದು? ಕಿಟಕಿ ಹಾಡಿಲ್ಲದಿದ್ದರೂ ದಿನವಿಡೀ ಮುಚ್ಚಿಕೊಂಡೇ ಇರುತ್ತಿತ್ತು. ಹೆಂಡತಿ ಕಾಯಿಲೆ ಬಿದ್ದ ಎಂಟು ತಿಂಗಳು ಅವಳ ಮೈ ಒರೆಸಿ, ಬಾಯಿಗೆ ತುತ್ತಿಟ್ಟವಳು ಈ ತಂಗಿ. ಇನ್ನು ಇವಳೂ ಹೋದರೆ ತನಗೆ ಅಂತ ಆ ಬೀದಿಯಲ್ಲಿ ಉಳಿಯುವುದು ಕುರ್ಚಿ, ಕನ್ನಡಿ, ಕತ್ತರಿ.

ಹತ್ತನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಒಂದು ಕಳ್ಳತನ ಮಾಡಿದ. ಶಟರ್ ಎಳೆದು, ಟೇಪ್ ರೆಕಾರ್ಡರಿನ ಮೇಲೆ ಟವೆಲ್ ಹೊದಿಸಿ, ಗುಂಡಿಯನ್ನು ಒಂದಕ್ಕೆ ಇಟ್ಟು, ಸ್ಪೀಕರಿಗೆ ಕಿವಿ ಅಂಟಿಸಿ ದೋಣಿ ಹಾಡು ಕೇಳಿದ. ಪರದೆಯ ಹಿಂದಿನ ಗುನುಗು ಮರೆತುಹೋಗುತ್ತಿದೆ ಅನ್ನುವ ಹೆದರಿಕೆ ಅವನಿಗೆ. ಹಾಡು ಈಗ ಕೆಟ್ಟದಾಗಿ ಕೇಳಿಸಬಹುದು, ಆಗ ಬಿಡುವುದು ಸುಲಭ ಅಂತ ಒಳಗೊಳಗೇ ಆಸೆಯಿತ್ತು. ಎಲ್ಲಿಯದು, ಹಾಡು ಮೊದಲಿನಷ್ಟೇ ಚೆನ್ನಾಗಿತ್ತು. “ಇದ್ದೀನಿ” ಬಂದಾಗ ಮೈ ಮೊದಲಿನ ಹಾಗೇ ಜುಮ್ ಅಂದಿತು. ಅದೇ ಅವನ ಹೊಟ್ಟೆ ಉರಿಸಿತು. ಇಂಥ ಗಂಟಲನ್ನು ಇಂಥವನಿಗೆ ಯಾಕೆ ಕೊಟ್ಟೆ ಅಂತ ಯಾರನ್ನು ಬೈಯಬೇಕೋ ತಿಳಿಯದೆ ಟೇಪ್ ರೆಕಾರ್ಡರನ್ನೇ ಬೈದ. ಬೈದು, ಕ್ಯಾಸೆಟ್ಟು ಹೊರಗೆ ತೆಗೆದು, ಟೇಪನ್ನು ಬೆರಳಿಗೆ ಸಿಕ್ಕಿಸಿ ಎಳೆದ. ಎಳೆದ, ಎಳೆದ. ಬಾಲ ಮುಗಿಯುವ ಹೊತ್ತಿಗೆ ಮೊಣಕಾಲುವರೆಗೆ ಕಂದು ಬಣ್ಣದ ಸಿಕ್ಕು. ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡು, ಖಾಲಿ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಬೀದಿ ದಾಟಿದ.

ಇಸ್ತ್ರಿಯಕ್ಕ ಮೇಜಿನ ಮುಂದೆ ನಿಂತಿದ್ದಳು. ಪಕ್ಕದಲ್ಲಿ ನೀರು ಚಿಮುಕಿಸುವ ಬಟ್ಟಲು, ಗಂಟು ಕಟ್ಟಿದ ಬಟ್ಟೆ, ಮೂಲೆಯಲ್ಲಿ ಇದ್ದಿಲ ಚೀಲ. ತಲೆ ಎತ್ತಿ ನೋಡಿದಳು.

“ಏನಣ್ಣ ಅದು, ಹಕ್ಕಿ ಗೂಡಾ?”

“ಟೇಪು ತಂಗಿ. ಕಿತ್ತು ತಂದೆ. ತಗೋ, ನಿನ್ನ ಕೈಯಾರೆ ನಿನ್ನ ಕೆಂಡಕ್ಕೆ ಹಾಕು.”

ಅವಳು ಅಳುತ್ತಾಳೆ ಅಂದುಕೊಂಡಿದ್ದ. ಇಲ್ಲವೇ ನಗುತ್ತಾಳೆ ಅಂದುಕೊಂಡಿದ್ದ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತಿಟ್ಟಳು, ಅಷ್ಟೆ.

“ಕೀಳಿ ಅಂತ ಯಾರು ಹೇಳಿದ್ದು ನಿಮಗೆ?”

“ಯಾರೂ ಹೇಳ್ಲಿಲ್ಲ. ನಿನಗೆ ಅಂತಾನೇ ನಾನು...”

“ಇಪ್ಪತ್ತೆರಡು ವರ್ಷ ನನಗೆ ಅಂತಾನೇ ಜೋರಾಗಿ ಹಾಕಿದ್ರಿ. ಈಗ ನನಗೆ ಅಂತಾನೇ ಕಿತ್ತು ತಂದಿದೀರಿ. ಒಂದೇ ಒಂದ್ಸಲ ಬೀದಿ ದಾಟಿ ಬಂದು, ನಿನಗೇನು ಬೇಕು ತಂಗಿ ಅಂತ ಕೇಳೋದಲ್ವಾ ಅಣ್ಣ?”

ಕತ್ತರಿಯಣ್ಣ ಹಿಂದಿದ್ದ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟ.

“ಅಲ್ಲಿ ಕೂರ್ಬೇಡಿ, ಅದು ಬ್ಯಾಂಕ್ ಮ್ಯಾನೇಜರ್ ಪ್ಯಾಂಟು.”

ಎದ್ದು ನಿಂತ. ಕೈಯಲ್ಲಿ ಆ ಸಿಕ್ಕು ಹಾಗೇ ಇತ್ತು. “ಏನು ಬೇಕು ತಂಗಿ ನಿನಗೆ?” ಅಂದ.

“ಈಗ ಕೇಳಿದ್ರೆ ತಕ್ಷಣ ಹೇಳೋಕೆ ಬರುತ್ತಾ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಸ್ಟೂಲನ್ನು ಅವನ ಕಡೆಗೆ ತಳ್ಳಿದಳು. “ಆ ಮೂರನೇ ಸಲ ಒಂದು ದನಿ ಮೇಲಕ್ಕೆ ಹೋಗುತ್ತಲ್ಲ, ಒಂಟಿಯಾಗಿ. ಅದು ನಾನು.”

ಕತ್ತರಿಯಣ್ಣ ಬೀದಿಯ ಆಚೆ ತನ್ನ ಅಂಗಡಿಯ ಕಡೆ ತಿರುಗಿ ನೋಡಿದ. ಆರು ವರ್ಷದಿಂದ ಆ ದನಿಗೆ ಅವನು ಪರದೆಯ ಕಡೆ ತಿರುಗುತ್ತಿದ್ದ. ದನಿ ಇದ್ದದ್ದು ಎದುರಿಗೆ.

“ಅದನ್ನ ರೆಕಾರ್ಡ್ ಮಾಡಿದಾಗ ನನಗೆ ಹತ್ತೊಂಬತ್ತು,” ಅಂದಳು ಅವಳು. “ಆಗಿನ್ನೂ ನನಗೆ ಏನೂ ಆಗಿರ್ಲಿಲ್ಲ. ಆ ಸಾಲು ನಮ್ಮ ಹಾಡಲ್ಲಿ ಇರ್ಲೇ ಇಲ್ಲ ಅಣ್ಣ, ಖುಷಿಗೆ ಬಾಯಿಗೆ ಬಂದುಬಿಡ್ತು. ಮಷಿನ್ ಹತ್ರ ಕೂತಿದ್ದೋರು ಇರ್ಲಿ ಬಿಡಿ ಅಂದ್ರು. ಅದಾಗಿ ಮೂರು ತಿಂಗಳಿಗೆ ಆ ಕೋಣೆ, ಆ ಚಿಲಕ. ಆಮೇಲೆ ನಾನು ಎಲ್ಲೂ ಹಾಡ್ಲಿಲ್ಲ. ನನ್ನ ಜೀವನದಲ್ಲಿ ಚೆನ್ನಾಗಿ ಹಾಡಿದ್ದು ಅಂತ ಇದ್ರೆ ಅದೊಂದು ದಿನ. ಅದನ್ನೂ ಅವನ ಹೆಸರಿಗೇ ಬರೆದುಕೊಟ್ಟು ಕೆಂಡಕ್ಕೆ ಹಾಕ್ಲಾ?”

“ಹಂಗಾದ್ರೆ ಕಿಟಕಿ ಯಾಕೆ...”

“ಅವನ ದನಿ ಬಂದ್ರೆ ನನಗೆ ಚಿಲಕದ ಸದ್ದು ಕೇಳುತ್ತೆ. ಮುಚ್ತೀನಿ. ಮುಚ್ಚಿ, ಅದರ ಹಿಂದೇನೇ ನಿಂತ್ಕೊಂಡು, ನಂದು ಬರುತ್ತಾ ಅಂತ ಕಾಯ್ತೀನಿ. ಎಷ್ಟೋ ಸಲ ಕಾಯ್ತಾ ಕಾಯ್ತಾ ಬಟ್ಟೆ ಸುಟ್ಟಿದೆ.” ಅವಳು ಸ್ವಲ್ಪ ಹೊತ್ತು ಮಣಿಕಟ್ಟಿನ ಗುರುತನ್ನು ಉಜ್ಜಿಕೊಂಡಳು. “ಅತ್ತಿಗೆಗೆ ಗೊತ್ತಿತ್ತು. ಅವರೊಬ್ಬರಿಗೆ ಹೇಳಿದ್ದೆ.”

“ಅವಳಿಗಾ?”

“ಅವರಿಗೆ ತಲೆನೋವು ಅಂತ ಯಾವತ್ತಾದ್ರೂ ಮಾತ್ರೆ ತಂದುಕೊಟ್ಟಿದೀರಾ ನೀವು?”

ಕತ್ತರಿಯಣ್ಣ ನೆನಪು ಮಾಡಿಕೊಂಡ. ಇಲ್ಲ. ಅವಳಿಗೆ ಕಾಲುನೋವು ಬಂದಿತ್ತು, ಹಲ್ಲುನೋವು ಬಂದಿತ್ತು. ತಲೆನೋವು ಬರುತ್ತಿದ್ದದ್ದು ದೋಣಿ ಹಾಡಿಗೆ ಮಾತ್ರ, ಅದೂ ಗುಂಡಿ ಪೂರ್ತಿ ತಿರುಗಿಸಿದಾಗ.

“ಯಾರಿಗೂ ಹೇಳಲ್ಲ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ,” ಅಂದಳು. “ನಿಮಗೆ ಹೇಳಿದ್ರೆ ಹಾಡು ನಿಲ್ಲಿಸ್ತೀರಿ, ಹಾಡು ನಿಂತ್ರೆ ನಿಮ್ಮ ಕೈ ನಿಲ್ಲುತ್ತೆ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಅವರು ಅವನ ದನಿ ತಗ್ಗಿಸೋಕೆ ಹೇಳಿ, ಹುಡುಗೀರ ಸಾಲನ್ನ ಮಾತ್ರ ತಾವು ಹಾಡ್ತಿದ್ರು. ನನಗೆ ಕೇಳಲಿ ಅಂತ.”

ಗಂಡ ಹೆಂಡತಿ ಇಬ್ಬರೂ ಒಂದೇ ಕಿಟಕಿಗೆ ಹಾಡಿದ್ದರು. ಒಬ್ಬಳಿಗೆ ತಿಳಿದಿತ್ತು, ಒಬ್ಬನಿಗೆ ತಿಳಿದಿರಲಿಲ್ಲ. ಕತ್ತರಿಯಣ್ಣ ಟೇಪಿನ ಸಿಕ್ಕಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ತಡೆಯಲಿಲ್ಲ. ಇನ್ನೊಂದು ಬಟ್ಟೆಗೆ ನೀರು ಚಿಮುಕಿಸಿದಳು.

“ಹಂಗಾದ್ರೆ ನಾನಿನ್ನು ಅವನ ಹಾಡು ಕೇಳ್ಬೇಕಾ, ಬಿಡ್ಬೇಕಾ? ನೀನು ಹೇಳಿದ ಹಂಗೆ ಮಾಡ್ತೀನಿ.”

“ಎಲ್ಲರೂ ಇದನ್ನೇ ಕೇಳ್ತಾರೆ,” ಅಂದಳು ಅವಳು, ಈಗ ಸ್ವಲ್ಪ ನಕ್ಕು. “ನಿನ್ನೆ ಟೈಲರ್ ಹೆಂಡ್ತಿ ಬಂದು, ಅಕ್ಕ, ನನ್ನ ಫೋನಲ್ಲಿ ಅವನ ಎರಡು ಹಾಡಿದೆ, ಇಟ್ಕೋಬಹುದಾ ಅಂದ್ಳು. ಹಾಡು ಕೇಳೋಕೆ ಲೈಸೆನ್ಸ್ ಕೊಡೋ ಆಫೀಸಾ ನಾನು? ನಾನು ಹೇಳೋದನ್ನ ಹೇಳಿ ಆಯ್ತು. ಅದಕ್ಕೇ ಎದೆ ಹನ್ನೆರಡು ಸಲ ಒಡೆದು ಸೇರ್ಕೊಂಡಿದೆ. ನಿಮ್ಮ ಕಿವಿಗೆ ಏನು ಹಿಡಿಸುತ್ತೋ ಅದನ್ನ ನೀವೇ ನೋಡ್ಕೊಳಿ. ನನ್ನ ಕಿಟಕಿಗೆ ಮಾತ್ರ ತಂದು ಸುರೀಬೇಡಿ.”

“ಆಯ್ತು.”

“ಮತ್ತೆ, ಅದನ್ನ ಹೀಗೆ ಹಿಚುಕಬೇಡಿ. ನಾನೂ ಇದೀನಿ ಅದರಲ್ಲಿ.”

ಕತ್ತರಿಯಣ್ಣ ಗಾಬರಿಯಾಗಿ ಕೈ ಸಡಿಲ ಮಾಡಿದ. ಟೇಪು ಎಲ್ಲಾ ಮಡಿಕೆ ಮಡಿಕೆಯಾಗಿ, ಒಣಗಿದ ಎಲೆಯ ಹಾಗೆ ಮುದುಡಿತ್ತು. ಇಬ್ಬರೂ ಅದನ್ನು ನೋಡಿದರು. ಒಬ್ಬ ಕೂದಲು ಬಿಡಿಸುವವನು, ಒಬ್ಬಳು ಮಡಿಕೆ ಬಿಡಿಸುವವಳು. ಇನ್ನೇನು ತೋಚುತ್ತದೆ? ಅವನು ಮೇಲಿನ ಜೇಬಿನಿಂದ ಬಾಚಣಿಗೆ ತೆಗೆದ. ಅವಳು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಅವನು ಹೆಣ್ಣುಮಗುವಿನ ಜಡೆ ಬಿಡಿಸುವ ಹಾಗೆ ಗೇಣು ಗೇಣು ಬಾಚಿ ಕೊಟ್ಟ, ಅವಳು ಕೆಂಡ ಆರಿದ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ತೇಲಿಸಿದ ಹಾಗೆ ಆಡಿಸಿ ನೆಟ್ಟಗೆ ಮಾಡಿದಳು. ಆಮೇಲೆ ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಸುತ್ತಿದರು. ಆ ಟೇಪನ್ನು ಬೀದಿಯ ಉದ್ದಕ್ಕೂ ಹಾಸಿದ್ದರೆ ಬಸ್ಸಿನ ಕೊನೆಯ ಸ್ಟಾಪಿನವರೆಗೆ ಹೋಗುತ್ತಿತ್ತು ಅಂತ ಕತ್ತರಿಯಣ್ಣ ಇವತ್ತಿಗೂ ಹೇಳುತ್ತಾನೆ. ಮಧ್ಯಾಹ್ನ ಹೋಗಿ ಸಂಜೆ ಬಂತು. ಅವನು ಹೆಂಡತಿಯ ವಿಷಯ ಹೇಳಿದ, ಅವಳು ಆಗಿನ ತಂಡದ ಹುಡುಗಿಯರ ವಿಷಯ ಹೇಳಿದಳು. ಒಬ್ಬಳು ವೇದಿಕೆ ಹತ್ತಿದರೆ ಸಾಕು ಬಿಕ್ಕಳಿಸುತ್ತಿದ್ದಳಂತೆ, ಒಬ್ಬಳು ಚಪ್ಪಲಿ ಅದಲು ಬದಲು ಮಾಡಿಕೊಂಡೇ ಊರೂರು ತಿರುಗಿದಳಂತೆ. ಆ ಬಿಕ್ಕಳಿಕೆಯವಳೇ ಮೊದಲು ಫೋನ್ ಮಾಡಿ, ಹೇಳೋಣ ಕಣೇ, ಎಲ್ಲರೂ ಒಟ್ಟಿಗೆ ಹೇಳೋಣ ಅಂದದ್ದು.

ಟೇಪ್ ರೆಕಾರ್ಡರನ್ನು ಅವಳೇ ಹೋಗಿ ಎತ್ತಿಕೊಂಡು ಬಂದಳು. ತನ್ನ ಮೇಜಿನ ಮೇಲೆ ಇಟ್ಟು, ಗುಂಡಿಯನ್ನು ಎರಡಕ್ಕೆ ತಿರುಗಿಸಿ, ತಾನೇ ಒತ್ತಿದಳು.

ಬೆಳ್ಳಿಕಂಠ ಮೇಕೆಯ ಹಾಗೆ ಕೂಗಿದ. ಒಂದು ಮೇಕೆಯಲ್ಲ, ಕೆಮ್ಮು ಹಿಡಿದ ಮೇಕೆ, ಬಾವಿಯೊಳಗೆ ಬಿದ್ದದ್ದು. “ಯಾರಿದ್ದೀ ಈ ಈ ಈ,” ಅಂತ ಎಳೆದು, ಮಧ್ಯದಲ್ಲಿ ಬಿಕ್ಕಿ, ಹಿಂದಕ್ಕೆ ಹೋಗಿ, ಮತ್ತೆ ಕೆಮ್ಮಿತು. ಇಸ್ತ್ರಿಯಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕತ್ತರಿಯಣ್ಣ ಗಂಭೀರವಾಗಿ, “ಪ್ರಶಸ್ತಿ ಕೊಟ್ಟವರು ಕೇಳ್ಬೇಕಿತ್ತು,” ಅಂದ. ಅಷ್ಟೇ. ಅವಳು ನಗು ತಡೆಯಲಾರದೆ ಮೇಜಿಗೆ ಒರಗಿದಳು. ಹುಡುಗಿಯರ ಸಾಲು ಬಂದಾಗ ಅದೂ ಹಾಗೇ ಇತ್ತು, ಮೇಕೆಮರಿಗಳು. ಅವಳು ನಗುತ್ತಾ ನಗುತ್ತಾ ಸುಮ್ಮನಾದಳು. ಮೂರನೇ ಸಲಕ್ಕೆ ಕಾದಳು. ಅಲ್ಲಿ ಬರೀ ಒಂದು ಗರಗರ.

“ಹೋಯ್ತು,” ಅಂದಳು.

ಕತ್ತರಿಯಣ್ಣ ತಲೆ ತಗ್ಗಿಸಿದ. “ನಾನೇ ಕೊಂದೆ.”

“ಇರ್ಲಿ ಬಿಡಿ.” ಅವಳು ಕ್ಯಾಸೆಟ್ಟು ತೆಗೆದು ಇದ್ದಿಲ ಚೀಲದ ಕಡೆ ನೋಡಿದಳು, ಆಮೇಲೆ ಮೇಜಿನ ಡ್ರಾಯರಿಗೆ ಹಾಕಿ ಮುಚ್ಚ ಹೋದಳು. ತಡೆದು, ಮತ್ತೆ ಹೊರಗೆ ತೆಗೆದು, ಕಾಗದದ ಮೇಲಿನ ‘ಮತ್ತು ತಂಡ’ ಅನ್ನುವುದರ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಮುಚ್ಚಿದಳು.

ಮಾರನೇ ದಿನ ಬಾಗಿಲ ಕೊಕ್ಕೆಯಲ್ಲಿ ಚೀಲ ಇರಲಿಲ್ಲ. ಕತ್ತರಿಯಣ್ಣ ಖಾಲಿ ಕೊಕ್ಕೆಯನ್ನು ಎರಡು ಸಲ ಮುಟ್ಟಿ ನೋಡಿದ. ಅಂಗಡಿ ತೆಗೆದು, ಬಕೆಟ್ಟಿಗೆ ನೀರು ತುಂಬಿಸುವಷ್ಟರಲ್ಲಿ ಅವಳೇ ಬಂದಳು, ಬಟ್ಟೆಯ ಗಂಟನ್ನು ಬೆಂಚಿನ ಮೇಲೆ ಎತ್ತಿಹಾಕಿ ಹೋದಳು. ಅವನು ಒಂದು ಬಟ್ಟೆ ತೆಗೆದು ಕೊಡವಿದ. ಕೊಡವಲು ಆಗಲಿಲ್ಲ. ತಗಡಿನ ಹಾಗೆ ನೆಟ್ಟಗೆ ನಿಂತಿತ್ತು. ಅಷ್ಟೂ ಬಟ್ಟೆಗೂ ಗಂಜಿ.

ಅವನು ಬಾಗಿಲಿಗೆ ಓಡಿಬಂದು ಬೀದಿಯ ಆಚೆಗೆ ಕೂಗಿದ, “ತಂಗಿ, ತಪ್ಪಾಯ್ತು.”

“ಆಯ್ತು, ಕೆಲಸ ನೋಡ್ಕೊಳಿ,” ಅಂತ ಒಳಗಿನಿಂದ ದನಿ ಬಂತು. ಇಷ್ಟು ಸಂತೋಷದಿಂದ ಅವನು ಯಾವತ್ತೂ ತಪ್ಪೊಪ್ಪಿಕೊಂಡಿರಲಿಲ್ಲ.

ಮೊದಲ ಗಿರಾಕಿ ಮೇಷ್ಟ್ರೇ. ಉಳಿದರ್ಧ ಗಡ್ಡವನ್ನು ಕೈಯಿಂದ ಮುಚ್ಚಿಕೊಂಡು ಬಂದು ಗಂಜಿಯ ಡೇರೆಯೊಳಗೆ ಕೂತರು. ಕತ್ತರಿಯಣ್ಣ ಸೋಪು ಹಚ್ಚಿದ. ಕತ್ತಿ ಎತ್ತಿದ. ಕೈ ಗಾಳಿಯಲ್ಲೇ ನಿಂತಿತು.

“ಇವತ್ತೂ ಬರಲ್ವೇನಯ್ಯಾ?” ಅಂದರು ಮೇಷ್ಟ್ರು, ನೊರೆಯೊಳಗಿನಿಂದ.

ಆಚೆ ಬದಿಯಲ್ಲಿ ಕಿಟಕಿ ತೆರೆದ ಸದ್ದಾಯಿತು. ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಹೋಗಿ ಬರುವುದು ಕೇಳಿಸಿತು, ಉಸ್, ಉಸ್. ಅದರ ಜೊತೆಗೆ ಏನೋ ಒಂದು ಗುನುಗು. ಕೆಲಸ ಮಾಡುವವರು ಮೈಮರೆತಾಗ ಬರುವಂಥದ್ದು, ಯಾರಿಗೂ ಅಲ್ಲದ್ದು. ಇದ್ದೀವಿ, ಇದ್ದೀವಿ. ಸ್ವಲ್ಪ ಹೊತ್ತು ಬರೀ ಪೆಟ್ಟಿಗೆಯ ಸದ್ದು, ಯಾರೂ ಏನೂ ಕೇಳದ ಒಂದು ಜಾಗ. ಮತ್ತೆ, ಇದ್ದೀವಿ, ಇದ್ದೀವಿ.

ಕತ್ತರಿಯಣ್ಣನ ಕೈ ಕೆನ್ನೆಗೆ ಇಳಿಯಿತು.

“ಹೌದು ಕಣಯ್ಯಾ, ಆ ಕೇಸಿಗೆ ಮುಂದಿನ ತಿಂಗಳು...” ಅಂತ ಮೇಷ್ಟ್ರು ಬಾಯಿ ತೆಗೆದರು.

“ಸ್ವಲ್ಪ ಸುಮ್ಮನಿರಿ ಮೇಷ್ಟ್ರೇ,” ಅಂದ ಅವನು. “ಕೇಳಿಸ್ಕೋಬೇಕು.”

ದನಿ ಬಹಳ ಸಣ್ಣದಿತ್ತು. ಜೋರು ಮಾಡಲು ಅವನ ಹತ್ತಿರ ಗುಂಡಿ ಇರಲಿಲ್ಲ. ಅದಕ್ಕೆ ಅವನು ಬೀಸುವ ಫ್ಯಾನು ನಿಲ್ಲಿಸಿದ, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ. ಅವಳು ಎರಡನೇ ಸಲಕ್ಕೇ ನಿಲ್ಲಿಸಿಬಿಟ್ಟಳು, ಯಾರೋ ಬಟ್ಟೆ ತಂದಿದ್ದರು. ಅವನು ಕತ್ತಿಯನ್ನು ಎತ್ತಿ ಹಿಡಿದು ಕಾದ. ಬಟ್ಟೆ ಕೊಟ್ಟವರು ಹೋದ ಮೇಲೆ ಮತ್ತೆ ಶುರುವಾಯಿತು, ಕತ್ತಿಯೂ ಶುರುವಾಯಿತು. ಮೂರನೇ ಸಲದ್ದು ಅವತ್ತು ಬರಲಿಲ್ಲ. ಬಂದದ್ದು ನಾಲ್ಕು ದಿನ ಬಿಟ್ಟು, ಪೇಂಟರ್ ಕುರ್ಚಿಯಲ್ಲಿದ್ದಾಗ. ಕತ್ತರಿಯಣ್ಣ ಕಟಿಂಗ್ ಮುಗಿಯದಿದ್ದರೂ ಬಿಳಿ ಬಟ್ಟೆಯನ್ನು ಕೊಡವಿ ತೆಗೆದು, ಪೇಂಟರ್ ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಹೇಳದೆ ಮತ್ತೆ ಹೊದಿಸಿದ.

ಈಗ ಆ ಬೀದಿಯಲ್ಲಿ ಕಟಿಂಗ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಲಾಗದು. ಅವಳಿಗೆ ಮನಸ್ಸಿದ್ದ ದಿನ ಬೇಗ, ಇಲ್ಲದ ದಿನ ನಿಧಾನ. ಅವಳು ಹೇಳಿಕೆ ಕೊಡಲು ಕೋರ್ಟಿಗೆ ಅಲೆದ ವಾರ ಅಂಗಡಿ ಬಾಗಿಲು ಹಾಕಿಕೊಂಡು ಕತ್ತರಿಯಣ್ಣನೂ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತಿದ್ದ, ಆ ವಾರವೆಲ್ಲ ಬೀದಿಯ ಗಂಡಸರು ಕರಡಿಗಳಂತೆ ತಿರುಗಿದರು. ಬಸ್ಸು ಯಾವಾಗ ಹೊರಡುತ್ತದೆ ಅಂತ ಕೇಳಿದರೆ ಡ್ರೈವರ್ ಎದುರಿನ ಕಿಟಕಿಯ ಕಡೆ ಕೈ ತೋರಿಸುತ್ತಾನೆ. ತೆರೆದಿದ್ದರೆ, ಇನ್ನು ಸ್ವಲ್ಪ ಹೊತ್ತು, ಕೇಳಿ ಹೋಗೋಣ ಅನ್ನುತ್ತಾನೆ.